ದ್ವೀಪಕ್ಕೆ ಹೋಗುವ ಕಾಲ ಯಾವುದು?

ಪ್ರವಾಸಿ ಕೈಪಿಡಿಗಳ ಪ್ರಕಾರ ಲಕ್ಷದ್ವೀಪಕ್ಕೆ ಹೋಗಲು ಅಕ್ಟೋಬರಿನಿಂದ ಮೇ ಮಧ್ಯದವರೆಗಿನ ಕಾಲ ಪ್ರಶಸ್ತ. ಕಡಲು ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಈ ಲೆಕ್ಕ ಸುಳ್ಳಲ್ಲ. ಆದರೆ ಅದು ಬರುವವನ ಅನುಕೂಲವನ್ನಷ್ಟೇ ನೋಡಿ ಹಾಕಿದ ಲೆಕ್ಕ. 2024ರ ಜನವರಿಯಲ್ಲಿ ಪ್ರಧಾನಿಯವರ ಭೇಟಿಯ ಚಿತ್ರಗಳು ಪ್ರಚಾರಗೊಂಡ ನಂತರ ಈ ದ್ವೀಪಗಳ ಮೇಲೆ ಪ್ರವಾಸಿಗರ ಕಣ್ಣು ಬಿದ್ದಿದೆ. ಆದ್ದರಿಂದ ದ್ವೀಪದ ಲೆಕ್ಕವನ್ನೂ ಕೇಳುವುದು ಅಗತ್ಯ.

ಮೂವತ್ತಾರು ದ್ವೀಪಗಳು ಸೇರಿದರೂ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರು ಮಾತ್ರ. 2011ರ ಜನಗಣತಿಯಂತೆ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ನದಿಯಿಲ್ಲ, ಹಳ್ಳವಿಲ್ಲ, ಗುಡ್ಡವೂ ಇಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ; ಬಾವಿಗಳಲ್ಲಿ ಸಿಗುವುದು ಅದೇ. ಮುಂಗಾರಿನಲ್ಲಿ ತುಂಬಿಕೊಂಡ ಈ ಪದರ ಮಾರ್ಚ್-ಏಪ್ರಿಲ್ ಹೊತ್ತಿಗೆ ತೀರ ತೆಳುವಾಗುತ್ತದೆ. ಆಗ ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರಿ ಬಾವಿ ಸವುಳಾಗುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯವರಿಗೂ ಬೇಸಿಗೆಯ ನೀರಿನ ಚಿಂತೆ ಹೊಸತಲ್ಲ. ದ್ವೀಪಕ್ಕೆ ಬೀಳುವುದು ಅದರ ಕಾಲು ಭಾಗದಷ್ಟೂ ಇಲ್ಲ. ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರವನ್ನು 2005ರಲ್ಲಿ ಕವರತ್ತಿಯಲ್ಲಿ ಸ್ಥಾಪಿಸಲಾಯಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಅಂಥ ಸ್ಥಾವರಕ್ಕೆ ವಿದ್ಯುತ್ತು ಬೇಕು, ದ್ವೀಪಗಳ ವಿದ್ಯುತ್ತು ಬಹುಮಟ್ಟಿಗೆ ಹಡಗಿನಲ್ಲಿ ಬರುವ ಡೀಸೆಲ್ಲಿನದು.

ಏಪ್ರಿಲ್-ಮೇ ತಿಂಗಳುಗಳಲ್ಲೇ ಕಡಲೂ ಅತ್ಯಂತ ಬಿಸಿಯಾಗಿರುತ್ತದೆ. ವಾಡಿಕೆಯ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು, ಹವಳದ ಜೀವಿಗಳು ತಮ್ಮೊಳಗೆ ನೆಲೆಸಿ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. ಬಿಸಿ ಮುಂದುವರಿದರೆ ಸಾಯುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಈ ಬಿಸಿಗೆ ಪ್ರವಾಸಿಗನೊಬ್ಬನೇ ಕಾರಣನಲ್ಲ, ನಿಜ. ಆದರೆ ಜ್ವರದಲ್ಲಿ ಮಲಗಿದವರ ಮನೆಗೆ ದಿಬ್ಬಣ ಹೋಗುವುದು ಯಾವ ಸೀಮೆಯ ರೀತಿ? ದೋಣಿಯ ಲಂಗರು, ಈಜುವವರ ಕಾಲು, ವಸತಿಗೃಹದ ಕೊಳಚೆ ಇವೆಲ್ಲ ಬಿಳಿಚಿದ ಹವಳಕ್ಕೆ ಇನ್ನಷ್ಟು ಹೊರೆ. ದ್ವೀಪವನ್ನು ಅಲೆಗಳಿಂದ ಕಾಯುವ ಗೋಡೆಯೂ ಆ ಹವಳವೇ.

ಮಲೆನಾಡಿಗೂ ಈ ದ್ವೀಪಗಳಿಗೂ ನಂಟಿಲ್ಲವೆನ್ನಲಾಗದು. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ ಅಲ್ಲಿಗೆ ಹೋಗುವ ಸರಕಿನಲ್ಲಿ ತರಕಾರಿ, ದಿನಸಿಯ ಜೊತೆಗೆ ಮರಳು, ಜಲ್ಲಿಯೂ ಇರುತ್ತವೆ. ದ್ವೀಪದಲ್ಲಿ ಕಟ್ಟಡವೊಂದು ಏಳಬೇಕಾದರೆ ಘಟ್ಟದಿಂದಿಳಿದ ಹೊಳೆಯ ತಳವೂ ಅಷ್ಟು ಬರಿದಾಗಬೇಕಾದೀತು.

ಹಾಗಾದರೆ ಯಾವಾಗ ಹೋಗಬೇಕು? ನವೆಂಬರಿನಿಂದ ಫೆಬ್ರವರಿಯೊಳಗೆ. ಬಾವಿಗಳಲ್ಲಿ ನೀರಿರುತ್ತದೆ, ಕಡಲ ಬಿಸಿಯೂ ಮಿತಿಯಲ್ಲಿರುತ್ತದೆ. ಚಂಡಮಾರುತದ ಭಯ ಮಾತ್ರ ಪೂರ್ತಿ ತಪ್ಪದು: 'ಓಖಿ' ಅಪ್ಪಳಿಸಿದ್ದು 2017ರ ಡಿಸೆಂಬರಿನಲ್ಲಿ. ಹೊಸವರ್ಷದ ವಾರದಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ತುಂಬಿದ ಬಾವಿಯೂ ಸಾಲದು, ಆ ವಾರವನ್ನು ಬಿಡುವುದೇ ಲೇಸು. ಮುಂಗಾರಿನ ತಿಂಗಳುಗಳನ್ನಂತೂ ದ್ವೀಪಕ್ಕೇ ಬಿಡಬೇಕು. ಮಂಜಿಗಳು ಆಗ ಓಡುವುದಿಲ್ಲ, ಸೂರೆ ಮೀನಿನ ದೋಣಿಗಳು ದಡ ಸೇರಿರುತ್ತವೆ, ನೆಲ ನೀರು ಕುಡಿಯುತ್ತಿರುತ್ತದೆ.

ವಿದ್ಯಾರ್ಥಿಗಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್-ಮೇನಲ್ಲಿ ಎಂಬುದೇ ತೊಡಕು. ಆ ರಜೆಯಲ್ಲಿ ದ್ವೀಪಕ್ಕೆ ಹೊರಡುವ ಯೋಚನೆಯಿದ್ದರೆ ಅದನ್ನು ಮುಂದೂಡಬಹುದು. ಹೇಗೂ ಪ್ರವೇಶದ ಪರವಾನಗಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಮಳೆಗಾಲದಲ್ಲೇ ಅದರ ಸಿದ್ಧತೆ ನಡೆಸಿದರೆ ಚಳಿಗಾಲದ ಪ್ರಯಾಣಕ್ಕೆ ಸಮಯ ಸಾಕಷ್ಟಿರುತ್ತದೆ.