ಪೊಟ್ಟಣದ ಮುದ್ರೆ, ಕಣದ ಬೆಲೆ

ಬೆಂಗಳೂರಿನ ಕಾಫಿಪುಡಿ ಅಂಗಡಿಗೆ ಬರುವ ಗಿರಾಕಿಗಳ ಬಳಿ ಪ್ರಶ್ನೆಗಳಿಗೇನೂ ಕೊರತೆಯಿಲ್ಲ. ಪೀಬರಿಯೋ, ಪ್ಲಾಂಟೇಷನ್ ‘ಎ’ಯೋ? ಚಿಕೋರಿ ಇಪ್ಪತ್ತೋ, ಮೂವತ್ತೋ? ಕಾನೂನೂ ಅವರ ಬೆನ್ನಿಗಿದೆ: ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟಿರಬೇಕು, ಚಿಕೋರಿಯ ಪಾಲನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಹಣ್ಣು ಕೊಯ್ದವರಿಗೆ ಎಷ್ಟು ಸಿಕ್ಕಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬರೆಯಬೇಕೆಂಬ ಕಾನೂನೂ ಇಲ್ಲ.

ಈ ಪ್ರಶ್ನೆಗೆ ಯುರೋಪ್ ಕಂಡುಕೊಂಡ ಉತ್ತರ ಮುದ್ರೆ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಮ್ಯಾಕ್ಸ್ ಹ್ಯಾವಲಾರ್’ ಮುದ್ರೆಯ ಕಾಫಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ಕುಸಿದಾಗ, ಕನಿಷ್ಠ ಬೆಲೆಯ ಭರವಸೆ ಕೊಡುವ ಇಂಥ ಏರ್ಪಾಡಿಗೆ ನಿಜವಾದ ಅರ್ಥವಿತ್ತು. ಆದರೆ ಕನಿಷ್ಠ ಬೆಲೆ ನೆರವಿಗೆ ಬರುವುದು ಪೇಟೆ ಬಿದ್ದಾಗ. ಇಂಥ ಮುದ್ರೆ ಕೊಡುವ ಫೇರ್‌ಟ್ರೇಡ್ ಸಂಸ್ಥೆ 2023ರಲ್ಲಿ ಅರೇಬಿಕಾಕ್ಕೆ ನಿಗದಿಪಡಿಸಿದ್ದು ಪೌಂಡಿಗೆ 1.80 ಡಾಲರ್, 2025ರ ಫೆಬ್ರುವರಿಯಲ್ಲಿ ಪೇಟೆಯ ಧಾರಣೆಯೇ 4 ಡಾಲರ್ ದಾಟಿತ್ತು. ಆ ಹೆಚ್ಚುವರಿ ಹಣ ಯಾರ ಕಿಸೆ ಸೇರಿತು? ಮುದ್ರೆಯನ್ನು ನೋಡಿ ಇದನ್ನು ತಿಳಿಯುವಂತಿಲ್ಲ.

ಚಾಕೊಲೇಟಿನ ಕಥೆ ಇನ್ನೂ ಕಹಿ. ಕೋಕೋ ತೋಟಗಳಿಂದ ಬಾಲಕಾರ್ಮಿಕ ಪದ್ಧತಿಯ ಅತಿ ಕೆಟ್ಟ ರೂಪಗಳನ್ನು 2005ರೊಳಗೆ ತೊಲಗಿಸುತ್ತೇವೆ ಎಂದು ದೊಡ್ಡ ಕಂಪನಿಗಳು 2001ರಲ್ಲಿ ಅಮೆರಿಕದಲ್ಲಿ ಸಹಿ ಹಾಕಿದವು. ಗಡುವು ಜಾರುತ್ತಲೇ ಹೋಯಿತು. ಗುರಿಯೂ ಕಿರಿದಾಗಿ, 2020ರ ಹೊತ್ತಿಗೆ ಶೇ 70ರಷ್ಟು ಇಳಿಸಿದರೆ ಸಾಕು ಎಂಬಲ್ಲಿಗೆ ಬಂತು. ಅದೇ 2020ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆ ಹೊರತಂದ ವರದಿ, ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ತೋಟಗಳಲ್ಲಿ ದುಡಿಯುವ ಮಕ್ಕಳ ಸಂಖ್ಯೆಯನ್ನು ಸುಮಾರು 15.6 ಲಕ್ಷ ಎಂದು ಅಂದಾಜಿಸಿತು. ಇವರಲ್ಲಿ ಹೆಚ್ಚಿನವರು ಮಚ್ಚು ಹಿಡಿದಿರುವುದು ಸ್ವಂತ ಮನೆಯವರ ತೋಟದಲ್ಲೇ. ಆಳಿಗೆ ಕೂಲಿ ಕೊಡುವಷ್ಟು ಹಣ ಅಪ್ಪನ ಕೈಯಲ್ಲಿ ಉಳಿಯುವುದಿಲ್ಲ.

ಏಕೆ ಉಳಿಯುವುದಿಲ್ಲ ಎಂಬುದಕ್ಕೆ 2023–24ರ ಹಂಗಾಮನ್ನೇ ನೋಡಬಹುದು. ಐವರಿ ಕೋಸ್ಟ್ ಸರ್ಕಾರ ಅಕ್ಟೋಬರ್‌ನಲ್ಲಿ ಕಿಲೋಗೆ 1,000 ಸಿಎಫ್‌ಎ ಫ್ರಾಂಕ್, ಅಂದರೆ ಟನ್ನಿಗೆ ಸುಮಾರು 1,600 ಡಾಲರ್ ಬೆಲೆ ಕಟ್ಟಿತು. ಬೆಳೆಯ ಬಹುಭಾಗ ಮುಂಗಡ ಮಾರಾಟವಾಗಿತ್ತು. ರೋಗ, ಹವಾಮಾನಗಳ ಹೊಡೆತಕ್ಕೆ ಇಳುವರಿ ಕುಸಿದು ಏಪ್ರಿಲ್ ಹೊತ್ತಿಗೆ ಜಾಗತಿಕ ಧಾರಣೆ 10,000 ಡಾಲರ್ ಮೀರಿತು. ಆಗ ಸರ್ಕಾರ ಏರಿಸಿದ್ದು 1,500 ಫ್ರಾಂಕಿಗೆ.

ಅದೇ ಬೇಸಿಗೆಯಲ್ಲಿ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿರುವ ಹಸಿ ಕೋಕೋ ಕಿಲೋಗೆ 300 ರೂಪಾಯಿ ದಾಟಿತು. ಪೇಟೆ ಏರಿದಂತೆ ಬೆಳೆಗಾರನ ಬೆಲೆಯೂ ಏರಿತು. ಇದರ ಹಿಂದೆ ಗಿರಾಕಿಗಳ ಪುಣ್ಯಬುದ್ಧಿಯೇನೂ ಇರಲಿಲ್ಲ, ಒಂದು ಹಳೆಯ ಕಹಿ ಅನುಭವವಿತ್ತು. 1970ರ ದಶಕದಲ್ಲಿ ಖಾಸಗಿ ಚಾಕೊಲೇಟ್ ಕಂಪನಿಯ ಉತ್ತೇಜನ ನಂಬಿ ಕೋಕೋ ನೆಟ್ಟವರು, ದಶಕದ ಕೊನೆಗೆ ಕೊಳ್ಳುವವರಿಲ್ಲದೆ ಕೈಸುಟ್ಟುಕೊಂಡರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಸಹಕಾರ ಸಂಸ್ಥೆ ಕ್ಯಾಂಪ್ಕೋ ಆಗ ಕೋಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಖಾಸಗಿ ಖರೀದಿದಾರ ಕೈಬಿಟ್ಟರೂ ತಕ್ಕಡಿ ಹಿಡಿದು ಕೂರಲು ಇನ್ನೊಬ್ಬರಿದ್ದಾರೆ ಎಂಬ ಧೈರ್ಯ ಬೆಳೆಗಾರನಿಗೆ ಬಂದದ್ದು ಹೀಗೆ. ಕ್ಯಾಂಪ್ಕೋ ಬಾರ್ ಕೊಳ್ಳಲು ಅದರ ರುಚಿಗಿಂತ ಗಟ್ಟಿಯಾದ ಕಾರಣವಿದು (ರುಚಿಯ ಬಗ್ಗೆ ಪುತ್ತೂರಿನವರೊಡನೆ ವಾದಕ್ಕಿಳಿಯದಿರುವುದು ಲೇಸು).

ಬೆಳೆಗಾರನಿಗೆ ಸಿಕ್ಕಿದ್ದು ಆಳಿಗೂ ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಗುಡಿಸಲುಗಳನ್ನು ಕೆಡವಿದಾಗ ಹೊರಜಗತ್ತು ಒಂದು ಸಂಗತಿಯನ್ನು ಗಮನಿಸಿತು: ಅಲ್ಲಿದ್ದ ಅನೇಕರು ಕಾಫಿ ತೋಟದ ಮಾಲೀಕರು ಆಳುಗಳಿಗೆ ಕೊಡುವ ಲೈನ್ ಮನೆ ಬಿಟ್ಟು ಬಂದವರು. ಲೈನ್ ಮನೆಯಲ್ಲಿ ಕೆಲಸ ಬಿಟ್ಟರೆ ಸೂರೂ ಹೋಗುತ್ತದೆ; ಮುಂಗಡ ಪಡೆದಿದ್ದರೆ ಬಿಡುವುದೂ ಕಷ್ಟ. 1951ರ ತೋಟ ಕಾರ್ಮಿಕರ ಕಾಯ್ದೆಯು ಮನೆ, ಶಾಲೆ, ಶಿಶುವಿಹಾರದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತಾದರೂ ಅದು ಅನ್ವಯಿಸುತ್ತಿದ್ದುದು ಐದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, 15 ಆಳುಗಳಾದರೂ ಇರುವ ತೋಟಗಳಿಗೆ. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಅವರ ಆಳುಗಳು ಲೆಕ್ಕದಿಂದ ಹೊರಗೇ ಉಳಿದರು. ಹಾಗೆಂದು ಕಾಫಿಯನ್ನೇ ಬಿಡುತ್ತೇನೆಂದು ಹೊರಡುವ ನೈತಿಕತೆಯಿಂದ ಮೊದಲು ಕೆಲಸ ಹೋಗುವುದೂ ಇದೇ ಆಳುಗಳಿಗೆ.

ಹೊಣೆಯನ್ನು ಗಿರಾಕಿಯಿಂದ ವ್ಯಾಪಾರಿಗೆ ದಾಟಿಸುವ ಪ್ರಯತ್ನವೂ ಒಂದು ನಡೆದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ, ಕೋಕೋ ತಮ್ಮ ಪೇಟೆಗೆ ಬರಕೂಡದು, ಬೆಳೆದ ದೇಶದ ಕಾರ್ಮಿಕ ಕಾನೂನೂ ಪಾಲನೆಯಾಗಿರಬೇಕು ಎನ್ನುತ್ತದೆ ಐರೋಪ್ಯ ಒಕ್ಕೂಟದ 2023ರ ಕಾಯ್ದೆ. ಪುರಾವೆ ಒದಗಿಸಬೇಕಾದವನು ಆಮದುದಾರ. ಎರಡು ಬಾರಿ ಮುಂದೂಡಿದ ಈ ಕಾಯ್ದೆಯನ್ನು ಇಲ್ಲಿ ತಳ್ಳಿಹಾಕುವಂತಿಲ್ಲ, ಭಾರತದ ಕಾಫಿಯ ದೊಡ್ಡ ಗಿರಾಕಿ ಇಟಲಿ. ನಕ್ಷೆ, ದಾಖಲೆಗಳ ಖರ್ಚು ಆಮದುದಾರನಿಂದ ಜಾರಿ ಎರಡು ಎಕರೆ ರೋಬಸ್ಟಾ ಇರುವವರ ತಲೆಗೆ ಬೀಳಬಹುದೆಂಬ ಆತಂಕ ಸಹಜವೇ. ಕಾಫಿ ಮಂಡಳಿ ಇದಕ್ಕಾಗಿ ಬೆಳೆಗಾರರ ನೋಂದಣಿಗೆ ಇಳಿದಿದೆ. ತೋಟದ ಗಡಿ ಗುರುತಿಸುವ ಆ ದಾಖಲೆಯಲ್ಲಿ ಕೂಲಿ ದರಕ್ಕೂ ಲೈನ್ ಮನೆಗೂ ಒಂದು ಕಾಲಂ ಇರಲಿ ಎಂದು ಕೇಳಲು ಬೆಂಗಳೂರಿನ ಕಾಫಿಪ್ರಿಯರು ಬ್ರಸೆಲ್ಸ್‌ಗೆ ಬರೆಯಬೇಕಿಲ್ಲ. ಮಂಡಳಿಯ ಕೇಂದ್ರ ಕಚೇರಿ ಇರುವುದು ಇದೇ ಊರಿನ ಅಂಬೇಡ್ಕರ್ ವೀಧಿಯಲ್ಲಿ.