ನಾಯಿಯ ತುರಿಕೆಗೂ ಒಂದು ಬಜೆಟ್ ಇರಲಿ

ಮೆಲ್ಬರ್ನ್‌ನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗಾಳಿಯ ತುಂಬ ರೈ ಹುಲ್ಲಿನ ಪರಾಗ. ನಮಗೆ ಸೀನು, ಕಣ್ಣುರಿ. ಅದೇ ಪರಾಗ ಒಗ್ಗದ ನಾಯಿಗಳಿಗೆ ತೊಂದರೆ ಹೆಚ್ಚಾಗಿ ಚರ್ಮದಲ್ಲಿ ಕಾಣಿಸುತ್ತದೆ: ಪಾದ ನೆಕ್ಕುತ್ತವೆ, ಕಿವಿ ಕೆರೆಯುತ್ತವೆ, ಹೊಟ್ಟೆಯ ಭಾಗ ಕೆಂಪಾಗುತ್ತದೆ. ಮನೆಯ ದೂಳಿನ ನುಸಿ ಕಾರಣವಾದರೆ ವರ್ಷವಿಡೀ ಇದೇ ಪಾಡು.

ಲೆಕ್ಕಪತ್ರ ನೋಡುವ ನಮ್ಮಂಥವರಿಗೆ ಇಲ್ಲಿ ಎದ್ದು ಕಾಣುವುದು ಖರ್ಚಿನ ಕ್ರಮ ತಪ್ಪುವುದು. ಹಲವರು ಮೊದಲು ಆನ್‌ಲೈನ್‌ನಲ್ಲಿ ಕೂದಲಿನ ಅಲರ್ಜಿ ಪರೀಕ್ಷೆ ತರಿಸುತ್ತಾರೆ. ಅದನ್ನು ನಂಬುವಂತಿಲ್ಲ. ಪರಿಸರದ ಅಲರ್ಜಿಯನ್ನು ಒಂದೇ ಏಟಿಗೆ ಹೇಳುವ ಪರೀಕ್ಷೆ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆಯುತ್ತಾ ಹೋಗಬೇಕು. ಮೊದಲು ಚಿಗಟ, ಕಜ್ಜಿ ನುಸಿ. ಜೊತೆಗೆ ಬ್ಯಾಕ್ಟೀರಿಯಾ, ಯೀಸ್ಟ್ ಸೋಂಕಿಗೆ ಚಿಕಿತ್ಸೆ. ನಂತರ ಸುಮಾರು 8 ವಾರ ವೈದ್ಯರು ಹೇಳಿದ ಆಹಾರ ಮಾತ್ರ. ಊರಿಂದ ಬಂದ ಅಜ್ಜಿ ಪ್ರೀತಿಯಿಂದ ಹಾಕುವ ಒಂದು ತುತ್ತು ಮೊಸರನ್ನವೂ ಈ ಪಥ್ಯವನ್ನು ಕೆಡಿಸಬಹುದು.

ಇಷ್ಟಾದರೂ ತುರಿಕೆ ನಿಲ್ಲದಿದ್ದರೆ ಪರಿಸರದ ಅಲರ್ಜಿ ಎಂದು ತೀರ್ಮಾನ. ರಕ್ತದ ಅಥವಾ ಚರ್ಮದ ಪರೀಕ್ಷೆ ಬೇಕಾಗುವುದು ಆಗ, ಇಮ್ಯುನೊಥೆರಪಿಗೆ ಯಾವ ಅಲರ್ಜಿಕಾರಕ ಸೇರಿಸಬೇಕೆಂದು ತಿಳಿಯಲು. ಆ ಚಿಕಿತ್ಸೆಯ ಫಲ ಅಳೆಯಲು ಒಂದು ವರ್ಷವೇ ಬೇಕಾಗಬಹುದು. ಎಲ್ಲ ನಾಯಿಗಳಿಗೂ ಅದು ಹಿಡಿಯುವುದಿಲ್ಲ. ತುರಿಕೆ ತಗ್ಗಿಸಲು ಅಪೋಕ್ವೆಲ್ ಮಾತ್ರೆ, ಸೈಟೋಪಾಯಿಂಟ್ ಚುಚ್ಚುಮದ್ದು ಇವೆ. ಸ್ಟೀರಾಯ್ಡ್ ಬೇಗ ಕೆಲಸ ಮಾಡುತ್ತದೆ, ಆದರೆ ಬಹುಕಾಲ ಕೊಟ್ಟರೆ ಬಾಯಾರಿಕೆ, ತೂಕ ಹೆಚ್ಚುತ್ತವೆ. ಮನೆಮದ್ದೆಂದು ಟೀ ಟ್ರೀ ಎಣ್ಣೆ ಹಚ್ಚುವುದಂತೂ ಬೇಡ. ನಾಯಿಗೆ ಅದು ವಿಷ.

ಈ ಅಲರ್ಜಿಯನ್ನು ಹತೋಟಿಯಲ್ಲಿಡಬಹುದು, ಪೂರ್ತಿ ವಾಸಿಯಾಗುವುದು ಅಪರೂಪ. ಆದ್ದರಿಂದ ಇದು ಮನೆ ಬಾಡಿಗೆಯಂತೆ ಮರುಕಳಿಸುವ ಖರ್ಚು. ವಿಮೆ ಮಾಡಿಸುವ ಮೊದಲೇ ಕಾಣಿಸಿಕೊಂಡ ಕಾಯಿಲೆಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಮರಿ ತಂದಾಗಲೇ ಪಾಲಿಸಿ ಓದಬೇಕು. ಪಶುವೈದ್ಯರು ಕೂಡ ಮೊದಲ ಭೇಟಿಯಲ್ಲೇ ಇಡೀ ವರ್ಷದ ಅಂದಾಜು ಖರ್ಚನ್ನು ಬರೆದು ಕೊಡಬೇಕು. ಕೊಡದಿದ್ದರೆ ನಾವೇ ಕೇಳೋಣ. ಮುಂದಿನ ಖರ್ಚು ತಿಳಿಯದೆ ಮೂರನೇ ಬಿಲ್ಲಿಗೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ, ರಾತ್ರಿಯಿಡೀ ನಿದ್ದೆಗೆಟ್ಟು ಮೈ ಕೆರೆದುಕೊಳ್ಳುವುದು ಆ ಮೂಕಪ್ರಾಣಿ.