ಮಾಗಿದ ಕೆಂಪು ವೈನೂ ಸಣ್ಣ ತೋಟದ ಒಕ್ಕಲೂ

ಹಳೆಯ ವೈನೆಂಬುದು ಧನಿಕರಿಗೆ ಮಾತ್ರ ಸಲ್ಲುವ ವಸ್ತುವೆಂಬ ಭಾವನೆಯು ಜನರಲ್ಲಿ ಬೇರೂರಿದೆ. ಸ್ಪೇನ್ ದೇಶದ ಉತ್ತರಕ್ಕೆ, ಎಬ್ರೋ ನದಿಯ ಕಣಿವೆಯಲ್ಲಿರುವ ರಿಯೋಹಾ ಸೀಮೆಯ ಕೆಂಪು ವೈನು ಈ ಭಾವನೆಯನ್ನು ಬಹುಮಟ್ಟಿಗೆ ಸುಳ್ಳುಮಾಡಿದೆ. ಅಲ್ಲಿ ವೈನನ್ನು ಮಾಗಿಸುವ ಹೊಣೆಯು ಕೊಳ್ಳುವವನದಲ್ಲ, ತಯಾರಿಸುವವನದು. ‘ಕ್ರಿಯಾಂಸಾ’ ಎಂಬ ಹೆಸರನ್ನು ಪಡೆಯುವ ಕೆಂಪು ವೈನು 2 ವರ್ಷಗಳಿಗೂ, ‘ರೆಸೆರ್ವಾ’ ಎಂಬುದು 3 ವರ್ಷಗಳಿಗೂ ಕಡಮೆಯಿಲ್ಲದಂತೆ ಮಾಗಿರತಕ್ಕದ್ದು. ಎರಡೂ ಕನಿಷ್ಠ ಪಕ್ಷ 1 ವರ್ಷವನ್ನು ಓಕ್ ಮರದ ಪೀಪಾಯಿಯಲ್ಲಿ ಕಳೆದಿರಬೇಕು. ಕೆಂಪು ಜಾತಿಗಳ ಇಳುವರಿಯು ಸಾಮಾನ್ಯ ನಿಯಮದಂತೆ ಹೆಕ್ಟೇರಿಗೆ 6,500 ಕಿಲೋಗ್ರಾಂಗಳನ್ನು ಮೀರಕೂಡದು.

ಈ ನಿಯಮಗಳ ಭಾರವು ಸಣ್ಣ ಒಕ್ಕಲಿನ ಮೇಲೆ ಹೇಗೆ ಬೀಳುವುದೆಂಬುದನ್ನು ವಿಚಾರಿಸಬೇಕು. 225 ಲೀಟರಿನ ಒಂದು ಪೀಪಾಯಿಯಿಂದ ದೊರೆಯುವುದು ಸುಮಾರು 300 ಸೀಸೆಗಳು. ಮರದ ಮೂಲಕ ವೈನು ಅಲ್ಪಸ್ವಲ್ಪವಾಗಿ ಆವಿಯಾಗುತ್ತಲೇ ಇರುವುದರಿಂದ ಆಗಾಗ್ಗೆ ತುಂಬಿಸುತ್ತಿರಬೇಕು. ತಳದಲ್ಲಿ ನಿಂತ ಗಸಿಯನ್ನು ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಬಗ್ಗಿಸಬೇಕು. ಮೊದಲನೆಯ ಸೀಸೆಯು ಮಾರಾಟವಾಗುವಷ್ಟರಲ್ಲಿ ಮುಂದಿನ ಎರಡು ಮೂರು ಸುಗ್ಗಿಗಳ ವೈನು ನೆಲಮಾಳಿಗೆಯನ್ನು ಸೇರಿರುತ್ತದೆ. ಸವರುವ ಕೂಲಿಯಾಗಲಿ ಮನೆಯ ಖರ್ಚಾಗಲಿ ಅಷ್ಟು ಕಾಲ ಕಾಯುವುದಿಲ್ಲ. ಆದುದರಿಂದಲೇ ಅಲ್ಲಿನ ಅನೇಕ ಬೆಳೆಗಾರರು ಹಣ್ಣನ್ನೇ ದೊಡ್ಡ ಕೋಠಿಗಳಿಗೋ ಸಹಕಾರ ಸಂಘಗಳಿಗೋ ಒಪ್ಪಿಸಿಬಿಡುವರು. ತಾವೇ ಮಾಗಿಸಿ ಸುಲಭ ಬೆಲೆಗೆ ಮಾರುವ ಕುಟುಂಬಗಳೂ ಉಂಟು. ಅವರ ಸೀಸೆಯು ಅಗ್ಗವೆಂದು ಹೊಗಳುವವರು, ಮನೆಮಂದಿಯ ದುಡಿಮೆಗೆ ಕೂಲಿ ಹಾಕದಿರುವುದೂ ಆ ಅಗ್ಗಕ್ಕೆ ಒಂದು ಕಾರಣವೆಂಬುದನ್ನು ಮರೆಯುವರು.

ಇದು ಹೊಸ ಕಷ್ಟವೇನೂ ಅಲ್ಲ. 18ನೆಯ ಶತಮಾನದ ಕೊನೆಯಲ್ಲಿ ಅದೇ ಸೀಮೆಯ ಲಬಾಸ್ತಿದಾ ಊರಿನ ಮಾನ್ವೆಲ್ ಕಿಂತಾನೋ ಎಂಬ ಪಾದ್ರಿಯು ಫ್ರಾನ್ಸಿನ ಬೋರ್ಡೋ ಪದ್ಧತಿಯನ್ನು ಕಲಿತು ಬಂದು, ಪೀಪಾಯಿಗಳಲ್ಲಿ ಉತ್ತಮ ವೈನನ್ನು ಮಾಗಿಸಿದನು. ಆದರೆ ಎಲ್ಲ ವೈನೂ ಒಂದೇ ದರಕ್ಕೆ ಮಾರಾಟವಾಗತಕ್ಕದ್ದೆಂದು ಅಲ್ಲಿನವರು ಪಟ್ಟುಹಿಡಿದರು. ಪೀಪಾಯಿಯ ಖರ್ಚೂ ಹುಟ್ಟದೆ ಆ ಪ್ರಯತ್ನವು ನಿಂತುಹೋಯಿತು. ಸಮದೃಷ್ಟಿಯೆಂಬ ಹೆಸರಿನಲ್ಲಿ ಜಾಣ ಬೇಸಾಯಗಾರನಿಗೆ ವಿಧಿಸಿದ ದಂಡವೆಂದೇ ಇದನ್ನು ಕರೆಯಬೇಕಾಗಿದೆ.

ಕರ್ನಾಟಕದಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯು 2007ರಲ್ಲಿ ಜಾರಿಗೆ ಬಂದಿತು. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಪೀಪಾಯಿಯಲ್ಲಿ ವರ್ಷಗಟ್ಟಲೆ ಇರಿಸುವುದು ವ್ಯರ್ಥ. ಆ ಹಣ್ಣಿನ ವಿಶಿಷ್ಟ ವಾಸನೆಯು ಎಳೆಯ ಸಿಹಿ ವೈನಿಗೇ ಒಪ್ಪುವುದು. ನಂದಿ ಮತ್ತು ಕೃಷ್ಣಾ ಕಣಿವೆಗಳಲ್ಲಿ ಶಿರಾಜ್, ಕ್ಯಾಬರ್ನೆ ಜಾತಿಗಳನ್ನು ಬೆಳೆಯುವ ಸಣ್ಣ ಹಿಡುವಳಿದಾರರ ಮಾತು ಬೇರೆ. ಅಂಥವರಿಗೆ ಯಂತ್ರಗಳಿಗಾಗಿ ಸಹಾಯಧನವನ್ನು ಕೊಡುವುದಕ್ಕಿಂತ, ಕೆಲವು ಕುಟುಂಬಗಳು ಕೂಡಿ ಬಳಸಬಹುದಾದ ತಂಪಾದ ಉಗ್ರಾಣವನ್ನು ಕಟ್ಟಿಸಿ, ಅಲ್ಲಿ ಮಾಗುತ್ತಿರುವ ಸರಕಿನ ಆಧಾರದ ಮೇಲೆ ಕಡಮೆ ಬಡ್ಡಿಯ ಸಾಲವನ್ನು ಒದಗಿಸುವುದೇ ಮೇಲು. ಸಾಲದ ಅವಧಿಯು ಮಾತ್ರ 3 ವರ್ಷಗಳಿಗೆ ಕಡಮೆಯಿರಲಾಗದು.